ಹರಳಿಲ್ಲದ ಕಡಗ

ಕಳೆದ ವರ್ಷ ಮಗಳ ಮನೆಗೆಂದು ಲಂಡನ್‌ಗೆ ಹೋಗಿದ್ದೆ. ಒಂದು ದಿನ ಮಧ್ಯಾಹ್ನ ಜೋರು ಮಳೆ. ಬ್ರಿಟಿಷ್ ಮ್ಯೂಸಿಯಂ ನೋಡೋಣ ಬಾ ಎಂದು ಕರೆದುಕೊಂಡು ಹೋದಳು. ಹಳೇ ಇರಾನಿನ ಕೋಣೆಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಅಕ್ಕಸಾಲಿಗರ ಮನೆ ಮಗಳು ನಾನು, ಚಿನ್ನದ ಕೆಲಸ ಕಂಡರೆ ಕಣ್ಣು ಕೀಳೋಕಾಗಲ್ಲ.

ಗಾಜಿನ ಹಿಂದೆ ಒಂದು ದಪ್ಪ ತೋಳ್ಕಡಗ. ಎರಡು ತುದಿಯಲ್ಲೂ ಒಂದೊಂದು ಪ್ರಾಣಿ, ಎದುರುಬದುರು. ಸಿಂಹದ ಮೈ, ಹದ್ದಿನ ರೆಕ್ಕೆ, ತಲೆ ಮೇಲೆ ಕೊಂಬು. ನಮ್ಮಪ್ಪ ಸಿಂಹಮುಖದ ಕಡಗ ಮಾಡುತ್ತಿದ್ದರು. ಆದರೆ ಇಂಥ ಪ್ರಾಣಿ ನಾನು ನೋಡಿರಲಿಲ್ಲ. ಕೊಂಬಿನ ತುದಿಯಲ್ಲಿ, ರೆಕ್ಕೆಯಲ್ಲಿ, ಮೈಮೇಲೆಲ್ಲ ಗುಳಿಗಳು. ಹರಳು, ಬಣ್ಣದ ಗಾಜು ಕೂರಿಸಿದ್ದ ಜಾಗ. ಈಗ ಹೆಚ್ಚುಕಮ್ಮಿ ಎಲ್ಲ ಖಾಲಿ. ನನಗೆ ಆ ಖಾಲಿ ಗುಳಿಗಳೇ ಇಷ್ಟವಾದವು. ಹರಳಿದ್ದರೆ ನಾವು ಹರಳನ್ನೇ ನೋಡುತ್ತಿದ್ದೆವು, ಅಲ್ವಾ? ಹರಳು ಹೋದ ಮೇಲೆ ಕೈಕೆಲಸ ಕಾಣುತ್ತದೆ. ಒಂದೊಂದು ಗುಳಿಯ ಅಂಚೂ ಎಷ್ಟು ತೆಳ್ಳಗೆ!

ಇದು ಆಕ್ಸಸ್ ನಿಧಿ ಎಂಬ ಹಳೇ ಚಿನ್ನ ಬೆಳ್ಳಿಯ ರಾಶಿಯದ್ದು. 1877–80ರ ಸುಮಾರಿಗೆ ಆಮು ದರಿಯಾ ನದಿ (ಆಕ್ಸಸ್ ಅದರ ಹಳೇ ಹೆಸರು) ಹತ್ತಿರ, ಈಗಿನ ತಜಕಿಸ್ತಾನದ ಕಡೆ ಸಿಕ್ಕಿದ್ದು. ಪರ್ಷಿಯಾದ ಅಕೆಮೆನಿಡ್ ದೊರೆಗಳ ಕಾಲದ್ದು, 2,300 ವರ್ಷಕ್ಕೂ ಹಳೆಯದು. ಆಗ ದೊರೆ ಮೆಚ್ಚಿದವರಿಗೆ ಇಂಥ ಕಡಗ ಕೊಡುತ್ತಿದ್ದನಂತೆ. ಆ ದೊರೆಗಳ ಪರ್ಸೆಪೊಲಿಸ್ ಅರಮನೆಯ ಗೋಡೆಯಲ್ಲೂ ಜನ ದೊರೆಗೆ ಇಂಥದ್ದೇ ಕಡಗ ತರುವ ಕೆತ್ತನೆ ಇದೆ.

ಇದರ ಜೋಡಿ ಕಡಗದ ಕತೆಯೇ ಬೇರೆ. 1880ರಲ್ಲಿ ಈ ನಿಧಿಯ ಚಿನ್ನ ಹೊತ್ತು ಕಾಬೂಲಿನಿಂದ ಪೇಶಾವರಕ್ಕೆ ಹೊರಟ ವ್ಯಾಪಾರಿಗಳನ್ನು ದರೋಡೆಕೋರರು ಹಿಡಿದರು. ಬರ್ಟನ್ ಎಂಬ ಬ್ರಿಟಿಷ್ ಕ್ಯಾಪ್ಟನ್ ಹೋಗಿ ಬಿಡಿಸಿದ. ಆ ವ್ಯಾಪಾರಿಗಳಿಂದಲೇ ಆ ಕಡಗ ಕೊಂಡುಕೊಂಡ. ಅದೀಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೊತ್ತು. ಉಳಿದ ಚಿನ್ನ ರಾವಲ್ಪಿಂಡಿ ಬಜಾರಿಗೆ ಬಂತು. ದಾರಿಯಲ್ಲಿ ಎಷ್ಟು ಕರಗಿಹೋಯಿತೋ ನೆನೆದರೆ ಹೊಟ್ಟೆ ಉರಿಯುತ್ತದೆ.

ಫೋಟೋ ತೆಗೆದು ಊರಲ್ಲಿರುವ ಅಣ್ಣನಿಗೆ ಕಳಿಸಿದೆ. ಅಪ್ಪನ ಕುಲುಮೆ ಮುಂದೆ ಈಗ ಕೂರುವವನು ಅವನೇ. ಅಲ್ಲಿ ರಾತ್ರಿ ಎಂಟು ದಾಟಿತ್ತು. ತಕ್ಷಣ ಫೋನ್ ಮಾಡಿದ.

“ಕೊಂಬಿನ ತುದಿ ಹತ್ತಿರದಿಂದ ತೋರಿಸೇ. ಹರಳನ್ನ ಅರಗು ಹಾಕಿ ಕೂರಿಸಿದ್ರಾ, ಅಂಚು ಮಡಚಿದ್ರಾ?”

“ಅಮ್ಮಾ, ಹೋಗೋಣ್ವಾ?” ಎಂದಳು ಮಗಳು.

“ಒಂದು ನಿಮಿಷ ಇರೇ” ಎಂದು ಮತ್ತೆ ಗಾಜಿಗೆ ಮೂಗು ತಾಗಿಸಿ ಬಗ್ಗಿದೆ.