'ಏನೂ ಆಗಲ್ಲ ಬಿಡಕ್ಕ'

ಅಕ್ಕನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ. ಅಮ್ಮ 'ಆ ಗಡ್ಡೆ' ಅನ್ನೋಳು, ಭಾವ 'ಬೆಂಗಳೂರಿನ ಕೆಲಸ' ಅನ್ನೋರು. ನಾನಂತೂ ಮಾತುಮಾತಿಗೂ 'ಏನೂ ಆಗಲ್ಲ ಬಿಡಕ್ಕ' ಅಂತಿದ್ದೆ. ಧೈರ್ಯ ಹೇಳೋದು ಅಂದರೆ ಅದೇ ಅಂದುಕೊಂಡಿದ್ದೆ.

ಅರಸೀಕೆರೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡಿ ಸಾಕಾಗಿ, ಎರಡನೇ ಕೀಮೋ ಹೊತ್ತಿಗೆ ಧರ್ಮಶಾಲೆಯಲ್ಲೇ ಉಳಿದೆವು. 21 ದಿನಕ್ಕೊಂದರಂತೆ ನಾಲ್ಕು ಸಲ ಡಾಕ್ಸೊರುಬಿಸಿನ್. ನಮ್ಮ ಬಾಯಲ್ಲಿ ಅದು ಬರೀ 'ಕೆಂಪು ಇಂಜೆಕ್ಷನ್'. ಹಾಕಿಸಿಕೊಂಡ ದಿನ ಮೂತ್ರವೂ ಕೆಂಪಗೆ ಹೋಗುತ್ತೆ ಅಂತ ಮೊದಲೇ ಹೇಳಿದ್ದರು; ಆದರೂ ಅಕ್ಕ ರಕ್ತ ಅಂತ ಹೆದರಿ ಬಚ್ಚಲಿಂದ ಓಡಿ ಬಂದಿದ್ದಳು. ಮೂರನೇ ವಾರಕ್ಕೆ ಜಡೆ ಜಡೆಯೇ ದಿಂಬಿಗೆ ಬಂತು. ಉಳಿದದ್ದನ್ನು ಬೋಳಿಸಿಕೊಂಡು, ತಲೆಗೆ ನನ್ನ ಹಳೇ ಟವೆಲ್ ಸುತ್ತಿಕೊಂಡಳು.

ಒಂದು ಭಾನುವಾರ ಸ್ವಯಂಸೇವಕಿಯರ ಒಂದು ಗುಂಪು ರೋಗಿಗಳನ್ನೂ ಜೊತೆಗಿದ್ದವರನ್ನೂ ಲಾಲ್‌ಬಾಗಿಗೆ ಕರೆದುಕೊಂಡು ಹೋಯಿತು. ಹಿಂದಿನ ದಿನ ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳ ಕೌಂಟ್ ಕಡಿಮೆ ಬಂದವರಿಗೆ ಪ್ರವೇಶವಿಲ್ಲ. ಅಕ್ಕ ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ಅಷ್ಟು ಕಾದಿರಲಿಲ್ಲ. ಆಸ್ಪತ್ರೆ ಮುಂದಿನ ರಸ್ತೆಗೆ ಮರೀಗೌಡರ ಹೆಸರು. ಲಾಲ್‌ಬಾಗನ್ನು ನೋಡಿಕೊಂಡ ತೋಟಗಾರಿಕೆಯ ಮರೀಗೌಡರೇ ಅವರು. ಇದನ್ನು ಬಸ್ಸಿನಲ್ಲಿ ನಾನು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರೂ ಕಿಟಕಿಗೆ ಅಂಟಿಕೊಂಡಿದ್ದರು.

ಕೆಂಪೇಗೌಡರ ಗೋಪುರದ ಬಂಡೆ ಪಕ್ಕ, ಮರದ ನೆರಳಲ್ಲಿ ಜಮಖಾನ ಹಾಸಿದರು. ಆ ಬಂಡೆಗೆ 300 ಕೋಟಿ ವರ್ಷ ಅಂತ ಒಬ್ಬರು ವಿವರಿಸುತ್ತಿದ್ದರೆ, ರಾಯಚೂರು ಕಡೆಯ ಹೆಂಗಸೊಬ್ಬರು ಅದನ್ನೇ ದಿಟ್ಟಿಸಿ, "ಇದಕ್ಕೂ ಕೀಮೋ ಕೊಟ್ಟಾರೇನ್ರೀ? ತಲಿಮ್ಯಾಲ ಒಂದು ಕೂದ್ಲಿಲ್ಲ!" ಅಂದರು. ಅಕ್ಕ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಟವೆಲ್ ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ.

ಆಮೇಲೆ ಆಪ್ತಸಮಾಲೋಚಕಿ ನಮ್ಮನ್ನು, ಅಂದರೆ ನೋಡಿಕೊಳ್ಳುವವರನ್ನು, ಗಾಜಿನ ಮನೆ ಕಡೆಗೆ ಬೇರೆ ಕರೆದೊಯ್ದರು. "ದಿನಕ್ಕೆ ಎಷ್ಟು ಸಲ 'ಏನೂ ಆಗಲ್ಲ' ಅಂತೀರಿ?" ಅಂತ ಕೇಳಿದರು. ನಗು ಬಂತು. "ಅದಕ್ಕೆ ಅವರು ಏನಂತಾರೆ?" ಅಂದರು. ಯೋಚಿಸಿದೆ. ಅಕ್ಕ ಏನೂ ಅಂದಿರಲಿಲ್ಲ. ಒಂದು ಸಲವೂ.

ನನಗೆ ಇಂಥ ಕೂಟಗಳ ಮೇಲೆ ನಂಬಿಕೆ ಕಡಿಮೆ. ಕೈ ಹಿಡಿದು ಕಣ್ಣು ಮುಚ್ಚಿ ಉಸಿರು ಬಿಡಿ ಅಂದಾಗ ನನ್ನ ಗಮನವೆಲ್ಲ ಚಪ್ಪಲಿ ಕಡೆಗಿತ್ತು. ಅಕ್ಕನ ಮಾತ್ರೆ ನನ್ನ ಜೇಬಲ್ಲೇ ಉಳಿದಿದೆ ಅಂತ ನೆವ ಹೇಳಿ ಅರ್ಧಕ್ಕೇ ಎದ್ದು ಬಂದೆ.

ಊಟ ಶುರುವಾಗಿತ್ತು. ಬಾಯಿ ಹುಣ್ಣಿಗೆ ಅಕ್ಕ ಮೊಸರನ್ನ ಮಾತ್ರ ತಿನ್ನುತ್ತಿದ್ದಳು. ತನ್ನ ಪಾಲಿನ ಚಿತ್ರಾನ್ನವನ್ನು ರಾಯಚೂರಿನವರ ತಟ್ಟೆಗೆ ಕೈಯಿಂದಲೇ ಸುರಿಯುತ್ತಿದ್ದಳು. ಅವರ ಕಣ್ಣಲ್ಲಿ ನೀರು. "ನಮ್ಮ ಮನ್ಯಾಗ ನನ್ನ ಗಂಗಾಳ ಬ್ಯಾರೆ ಇಟ್ಟಾರ್ರೀ ಅಕ್ಕಾರ. ಅಂಟ್ತದಂತ." ಇದು ಅಂಟುವ ರೋಗವಲ್ಲ ಅಂತ ಡಾಕ್ಟರು ಎಷ್ಟು ಸಲ ಹೇಳಿದ್ದರೂ ಮನೆಯವರು ಕೇಳುತ್ತಿಲ್ಲವಂತೆ. ಅಕ್ಕ ಅಂದಳು: "ನಮ್ಮನೇಲಿ ತಟ್ಟೆ ಒಂದೇ ಕಣ್ರೀ. ಆದ್ರೆ ಮಾತೇ ಬೇರೆ ಇಟ್ಟಿದಾರೆ. ಸತ್ರೆ ಮಗಳ ಗತಿ ಏನು ಅಂತ ಬಾಯಿ ತೆಗೆಯೋಷ್ಟರಲ್ಲಿ ನನ್ ತಮ್ಮ ಏನೂ ಆಗಲ್ಲ ಅಂತಾನೆ. ಬಾಯಿ ಮುಚ್ಕೋ ಅಂದಂಗಾಗುತ್ತೆ."

ಮಾತ್ರೆ ಕೈಯಲ್ಲಿ ಹಿಡಿದು ಅವಳ ಹಿಂದೆಯೇ ನಿಂತಿದ್ದೆ. ಅವಳು ತಿರುಗಿ ನೋಡಲಿಲ್ಲ. ನಾನೂ ಸ್ವಲ್ಪ ದೂರ ಹೋಗಿ ಕೆಮ್ಮಿಕೊಂಡು ಬಂದೆ.

ಮೂರನೇ ಕೀಮೋ ಹಿಂದಿನ ರಾತ್ರಿ, ಧರ್ಮಶಾಲೆಯಲ್ಲಿ ದೀಪ ಆರಿದ ಮೇಲೆ, "ಪುಟ್ಟಿ ಹೈಸ್ಕೂಲು..." ಅಂದಳು ಅಕ್ಕ. 'ಏ' ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು, "ಯಾವ ಸ್ಕೂಲಿಗೆ ಹಾಕ್ಬೇಕು ಅಂತಿದೀಯಕ್ಕ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಈ ಕಡೆ ಮಗ್ಗುಲಾಗಿ ಹೇಳತೊಡಗಿದಳು. ಹಾಸನದ ಹಾಸ್ಟೆಲ್ಲು, ಅವಳ ಕಿವಿಯೋಲೆ, ರಾಗಿ ಡಬ್ಬದ ಕೆಳಗಿರುವ ಪೋಸ್ಟಾಫೀಸಿನ ಪಾಸ್‌ಬುಕ್ಕು. ಭಾವನಿಗೂ ಗೊತ್ತಿಲ್ಲವಂತೆ ಆ ಪಾಸ್‌ಬುಕ್ಕು.