ಎರಡು ಮೈಕ್, ನಡುವೆ ಒಂದು ಗೇಣು

ತುಮಕೂರಿನ ಎಸ್.ಎಸ್. ಪುರಂನಲ್ಲಿ ಮನೆ ಮಹಡಿಯ ಮೇಲೆ ನನ್ನದೊಂದು ಪುಟ್ಟ ಸ್ಟುಡಿಯೋ ಇದೆ. ಭಕ್ತಿಗೀತೆ, ಭಾವಗೀತೆಗಳೇ ಜಾಸ್ತಿ. ಒಮ್ಮೆ ಕಾಲೇಜು ಹುಡುಗರು ತತ್ವಪದಕ್ಕೆ ಎಲೆಕ್ಟ್ರಿಕ್ ಗಿಟಾರ್ ಸೇರಿಸಿ ರೆಕಾರ್ಡ್ ಮಾಡಲು ಬಂದರು. ಆಂಪ್, ಅಂದರೆ ಗಿಟಾರಿನ ಸ್ಪೀಕರ್ ಪೆಟ್ಟಿಗೆಯ ಮುಂದೆ ಎರಡು ಮೈಕ್ ಇಟ್ಟೆ. ಶೂರ್ ಎಸ್‌ಎಂ57 ಮೈಕ್ ಸ್ಪೀಕರಿಗೆ ಅಂಟಿಕೊಂಡಂತೆ, ಕಂಡೆನ್ಸರ್ ಮೈಕ್ ಒಂದು ಗೇಣಿಗೆ ಸ್ವಲ್ಪ ಕಮ್ಮಿ ಹಿಂದೆ. ಒಂದರ ಶಬ್ದವನ್ನು ಎಡಕ್ಕೆ, ಇನ್ನೊಂದರದ್ದನ್ನು ಬಲಕ್ಕೆ ಹಾಕಿದೆ. ಹೆಡ್‌ಫೋನಿನಲ್ಲಿ ಗಿಟಾರ್ ಕೋಣೆಯಷ್ಟು ಅಗಲ!

ಹದಿನೈದು ದಿನದ ಮೇಲೆ ಅವರೂರ ಜಾತ್ರೆಯಲ್ಲಿ ಆ ಹಾಡು ಹಾಕಿದರು. ಕಂಬದ ಮೇಲಿನ ಹಾರ್ನ್ ಸ್ಪೀಕರಿನಲ್ಲಿ ದನಿ ಕೇಳಿತು, ತಾಳ ಕೇಳಿತು. ಗಿಟಾರ್ ಮಾತ್ರ ತಗಡಿನ ಡಬ್ಬ ಕೆರೆದಂತಿತ್ತು. ನುಡಿಸಿದ ಹುಡುಗ ಪಕ್ಕದಲ್ಲೇ ನಿಂತಿದ್ದ. "ಅಣ್ಣ, ನನ್ನ ಗಿಟಾರ್ ಎಲ್ಲಿ ಹೋಯ್ತು?" ಅಂದ. ಆ ಮಾತು ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ.

ಹಾರ್ನ್ ಸ್ಪೀಕರಿನಲ್ಲಿ ಎಡ ಬಲ ಎಂಬುದಿಲ್ಲ, ಎಲ್ಲ ಮೋನೋ, ಎರಡೂ ಕೂಡಿ ಒಂದೇ ಆಗಿ ಬರುತ್ತವೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ನನ್ನ ಎರಡು ಮೈಕಿನ ನಡುವಿನ 17 ಸೆಂಟಿಮೀಟರ್ ದಾಟಲು ಅರ್ಧ ಮಿಲಿಸೆಕೆಂಡ್ ಬೇಕು. 1000 ಹರ್ಟ್ಜ್, ಅಂದರೆ ಸೆಕೆಂಡಿಗೆ ಸಾವಿರ ಸಲ ಏರಿಳಿಯುವ ಅಲೆಗೆ ಅದು ಸರಿಯಾಗಿ ಅರ್ಧ ಸುತ್ತು. ಒಂದು ಮೈಕಿನಲ್ಲಿ ಅಲೆ ಏರುವಾಗ ಇನ್ನೊಂದರಲ್ಲಿ ಇಳಿಯುತ್ತದೆ. ಕೂಡಿಸಿದರೆ ಒಂದನ್ನೊಂದು ತಿಂದುಹಾಕುತ್ತವೆ. 3000, 5000 ಹರ್ಟ್ಜ್‌ನಲ್ಲೂ ಅಷ್ಟೆ. ಗಿಟಾರ್ ಮಾತಾಡುವುದೇ ಆ ಜಾಗದಲ್ಲಿ, ಅಲ್ವಾ? ಈಕ್ವಲೈಸರ್‌ನಲ್ಲಿ ಆ ಅಲೆಗಳನ್ನಷ್ಟೇ ಏರಿಸಿ ನೋಡಿದೆ. ಇಲ್ಲದ್ದನ್ನು ಏರಿಸುವುದು ಹೇಗೆ! ಹುಡುಗರನ್ನು ಕರೆಸಿ, ದುಡ್ಡು ತಗೊಳ್ಳದೆ ಮತ್ತೆ ರೆಕಾರ್ಡ್ ಮಾಡಿದೆ.

ಈಗ ಮೊದಲ ಕೆಲಸವೇ ಎರಡೂ ಮೈಕನ್ನು ಮೋನೋದಲ್ಲಿ, ಸಮ ಮಟ್ಟದಲ್ಲಿ ಕೇಳುವುದು. ಒಂದರ ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಬಟನ್ ಒತ್ತುತ್ತೇನೆ. ಗಿಟಾರ್ ನುಡಿಯುತ್ತಿರುವಾಗಲೇ ಹಿಂದಿನ ಮೈಕನ್ನು ಚೂರುಚೂರೇ ಸರಿಸುತ್ತೇನೆ. ಶಬ್ದ ತೀರಾ ಸೊರಗುವ ಜಾಗ ಸಿಕ್ಕಿತೋ, ಅಲ್ಲೇ ನಿಲ್ಲಿಸಿ ಬಟನ್ ವಾಪಸ್ ತೆಗೆಯುತ್ತೇನೆ. ಗಿಟಾರ್ ತುಂಬಿ ಬರುತ್ತದೆ. ಬಟನ್ ಅಲೆಯನ್ನು ತಲೆಕೆಳಗು ಮಾಡುತ್ತದೆ ಅಷ್ಟೇ, ತಡವಾಗಿ ಬಂದ ಶಬ್ದವನ್ನು ಬೇಗ ತರುವುದಿಲ್ಲ. ಅದಕ್ಕೆ ಮೈಕೇ ಸರಿಯಬೇಕು. ಬೆನ್ನು ತೆರೆದ ಆಂಪಿನ ಹಿಂದೆ ಮೈಕ್ ಇಟ್ಟರೆ ಮಾತ್ರ ಬಟನ್ ಬೇಕೇ ಬೇಕು. ಸ್ಪೀಕರ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಎಳೆಯುತ್ತಿರುತ್ತದೆ.

ಎಲ್ಲವನ್ನೂ ಸರಿಹೊಂದಿಸಲೇಬೇಕು ಅಂತೇನೂ ಇಲ್ಲ. ಮೊನ್ನೆ ಅದೇ ಹುಡುಗ ಬಂದಿದ್ದ. ಗಿಟಾರಿನ ಡಿಸ್ಟಾರ್ಶನ್ (ಬೇಕಂತಲೇ ಒಡೆಸಿದ ಕರ್ಕಶ ದನಿ) ಕಿವಿಗೆ ಚುಚ್ಚುತ್ತಿತ್ತು. ಈಕ್ವಲೈಸರ್ ಮುಟ್ಟಲಿಲ್ಲ. ಸರಿಹೊಂದಿಸಿದ ಜಾಗದಿಂದ ಎರಡನೇ ಮೈಕನ್ನು 3 ಸೆಂಟಿಮೀಟರ್ ಹಿಂದೆ ಎಳೆದೆ. 5700 ಹರ್ಟ್ಜ್ ಸುತ್ತ ತಗ್ಗು ಬಿತ್ತು, ಚುಚ್ಚು ಹೋಯಿತು. ಹುಡುಗ ಮೋನೋದಲ್ಲಿ ಎರಡು ಸಲ ಕೇಳಿ, "ಇದೇ ಇರಲಿ ಅಣ್ಣ" ಅಂದ.