ಎ ಸೈಡು ನಾಲ್ಕೇ ಸೆಕೆಂಡು

ಜುಲೈ 6

ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯ ಅಟ್ಟದಿಂದ ಚಿಕ್ಕಪ್ಪನ ಕ್ಯಾಸೆಟ್ ಪ್ಲೇಯರ್ ಇವತ್ತು ಕೆಳಗಿಳಿಯಿತು. 1991ರಲ್ಲಿ ಅವರು ಮಸ್ಕತ್ತಿನಿಂದ ಬರುವಾಗ ತಂದದ್ದು. ಅಂಗೈಗಿಂತ ಸ್ವಲ್ಪ ದೊಡ್ಡದು. ಎರಡು ಪೆನ್ಸಿಲ್ ಸೆಲ್ಲಿನಲ್ಲಿ ಓಡುತ್ತದೆ. ಬೇರೆ ಕಂಪನಿಯದ್ದಾದರೂ ಊರಿನವರಿಗೆಲ್ಲ ಅದು ವಾಕ್‌ಮನ್ನೇ.

ಇದರ ವಿಶೇಷ ಆಟೋ ರಿವರ್ಸ್. ಒಂದು ಸೈಡು ಮುಗಿದರೆ ಕ್ಯಾಸೆಟ್ ತೆಗೆದು ತಿರುಗಿಸಿ ಹಾಕಬೇಕಿಲ್ಲ. ತಾನೇ ಇನ್ನೊಂದು ಸೈಡು ಶುರು ಮಾಡುತ್ತದೆ. ಪೇಟೆಯಲ್ಲಿ ಇದು ಶೋಕಿ ಅನಿಸಿರಬಹುದು. ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ಇದು ದೊಡ್ಡ ಉಪಕಾರ. ರಾತ್ರಿ ಹನ್ನೊಂದರ ತನಕ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಮುಂದೆ ಕೂತಿರುತ್ತಿದ್ದರು. ಎಲ್ಲರ ಕೈಯೂ ಸಿಪ್ಪೆಯ ಕರೆ ಹಿಡಿದು ಅಂಟಂಟು. ಆ ಕೈಯಲ್ಲಿ ಕ್ಯಾಸೆಟ್ ಮುಟ್ಟುವವರು ಯಾರು? ಪ್ಲೇಯರಿಗೆ ಎರಡು ಪುಟ್ಟ ಸ್ಪೀಕರ್ ಸಿಕ್ಕಿಸಿ ತಾಳಮದ್ದಲೆಯ ಕ್ಯಾಸೆಟ್ ಹಾಕಿದರೆ ಒಂದೂವರೆ ಗಂಟೆ ಯಾರೂ ಏಳುತ್ತಿರಲಿಲ್ಲ.

ಅಟ್ಟಕ್ಕೆ ಹೋಗುವ ಮೊದಲೇ ಅದಕ್ಕೆ ಒಂದು ಕಾಯಿಲೆ ಇತ್ತಂತೆ. ಹಾಡು ಶುರುವಾದ ಸ್ವಲ್ಪ ಹೊತ್ತಿಗೇ ಖಟಕ್ ಅಂತ ಇನ್ನೊಂದು ಸೈಡಿಗೆ ಹಾರುತ್ತಿತ್ತು. "ನೋಡು, ಆದ್ರೆ ಮಾಡು. ಆಗ್ದಿದ್ರೆ ಅಲ್ಲೇ ಇಟ್ಕೋ" ಅಂದರು ಚಿಕ್ಕಪ್ಪ. ಶಿವಮೊಗ್ಗಕ್ಕೆ, ವಿನೋಬನಗರದ ನನ್ನ ಮನೆಗೆ ತಂದಿದ್ದೇನೆ.

ಜುಲೈ 8

ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಬಿಚ್ಚಿದೆ. ಪಂಚೆ ಬೇಕೇ ಬೇಕು. ಎಳ್ಳುಕಾಳಿನಷ್ಟು ಸಣ್ಣ ವಾಷರ್‌ಗಳು ಹಾರಿದರೆ ಅದರ ಮೇಲೆ ಕಾಣುತ್ತವೆ. ಹಿಂದಿನ ಐದು ಸ್ಕ್ರೂ ತೆಗೆದರೆ ಸರ್ಕ್ಯೂಟ್ ಬೋರ್ಡು, ಅದನ್ನು ಎತ್ತಿದರೆ ಯಂತ್ರ.

ಬೆಲ್ಟು ಬೆಲ್ಟಾಗಿ ಉಳಿದಿರಲಿಲ್ಲ. ಡಾಂಬರಿನ ಹಾಗೆ ಕರಗಿ ಎರಡೂ ಫ್ಲೈವೀಲ್ (ವೇಗ ಏರಿಳಿಯದಂತೆ ನೋಡಿಕೊಳ್ಳುವ ಭಾರದ ಚಕ್ರ) ಮೇಲೆ, ಮೋಟಾರಿನ ರಾಟೆಯ ಮೇಲೆ ಹರಡಿತ್ತು. ಹಳೇ ರಬ್ಬರು ಹೀಗಾಗುವುದು ಸಾಮಾನ್ಯ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಪ್ಪತ್ತು ವರ್ಷ ಬಿಸಿ ತಿಂದದ್ದೂ ಸೇರಿರಬೇಕು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿಕಡ್ಡಿ ಅದ್ದಿ ಒರೆಸುವುದಕ್ಕೇ ಎರಡು ಗಂಟೆ ಹಿಡಿಯಿತು. ಆ ಕಪ್ಪು ಬಟ್ಟೆಗೆ ತಾಗಿದರೆ ಹೋಗುವುದಿಲ್ಲ, ನೆನಪಿರಲಿ.

ಕರಗಿದ ಬೆಲ್ಟಿನ ಅಳತೆ ತೆಗೆಯುವುದು ಹೇಗೆ? ಹೊಲಿಗೆ ದಾರವನ್ನು ಬೆಲ್ಟು ಓಡುವ ದಾರಿಯಲ್ಲೇ ಸುತ್ತಿ, ಎರಡು ತುದಿ ಸೇರುವಲ್ಲಿ ಗುರುತು ಹಾಕಿದೆ. 21.4 ಸೆಂಟಿಮೀಟರ್ ಬಂತು. ಬೆಲ್ಟು ಎಳೆದುಕೊಂಡು ಕೂರಬೇಕಲ್ವಾ, ಅದಕ್ಕೆ ನೂರಕ್ಕೆ ಐದಾರು ಕಳೆದೆ. 20.2 ಸೆಂಟಿಮೀಟರ್ ಸುತ್ತಳತೆ ಅಂದರೆ ಸುಮಾರು 64 ಮಿಲಿಮೀಟರ್ ವ್ಯಾಸ. ಗಾಂಧಿ ಬಜಾರಿನ ಕಡೆ ಎರಡು ಅಂಗಡಿ ಕೇಳಿದೆ. ಮನೆಯಲ್ಲಿಡುವ ಡೆಕ್ಕಿನ ದಪ್ಪ ಬೆಲ್ಟು ಮಾತ್ರ ಇತ್ತು. ಬೇರೆ ಬೇರೆ ಅಳತೆಯ ಸಣ್ಣ ಚೌಕ ಬೆಲ್ಟುಗಳ ಒಂದು ಪೊಟ್ಟಣವನ್ನು ಆನ್‌ಲೈನಿನಲ್ಲಿ ತರಿಸುತ್ತಿದ್ದೇನೆ.

ಜುಲೈ 15

ಪೊಟ್ಟಣ ಬಂತು. 63 ಮಿಲಿಮೀಟರಿನದ್ದು ಸರಿಯಾಗಿ ಕೂತಿತು. ಸೆಲ್ ಹಾಕಿ ಪ್ಲೇ ಒತ್ತಿದೆ. ಫ್ಲೈವೀಲ್ ಎರಡೂ ತಿರುಗಿದವು. ಖುಷಿಗೆ ಮಾತೇ ಬರಲಿಲ್ಲ.

ಕ್ಯಾಸೆಟ್ ಹಾಕಿದೆ. ಒಂದು, ಎರಡು, ಮೂರು, ನಾಲ್ಕು. ಖಟಕ್. ಬಿ ಸೈಡು.

ಬಿ ಸೈಡು ಮಾತ್ರ ಚೆನ್ನಾಗಿ ಓಡಿತು. ಹತ್ತು ನಿಮಿಷ ಬಿಟ್ಟೆ, ಹಾರಲಿಲ್ಲ. ಮತ್ತೆ ಎ ಸೈಡಿಗೆ ತಂದೆ. ನಾಲ್ಕೇ ಸೆಕೆಂಡು.

ಆಟೋ ರಿವರ್ಸ್ ಕೆಟ್ಟಿದೆ ಅಂದರೆ ಎಲ್ಲರೂ ಹೇಳುವುದು ಒಂದೇ: ಬೆಲ್ಟು ಬದಲಿಸು. ಆದರೆ ಬೆಲ್ಟು ಎರಡೂ ಸೈಡಿಗೆ ಒಂದೇ ಇದೆ. ಮೋಟಾರೂ ಒಂದೇ. ಅವುಗಳಲ್ಲಿ ದೋಷ ಇದ್ದಿದ್ದರೆ ಬಿ ಸೈಡೂ ಹಾರಬೇಕಿತ್ತು. ಹಾಗಾಗಿ ಹೊಸ ಬೆಲ್ಟು ಹುಡುಕುವುದನ್ನು ಅಲ್ಲಿಗೇ ಬಿಟ್ಟೆ.

ಟೇಪು ಮುಗಿಯಿತು ಅಂತ ಈ ಯಂತ್ರಕ್ಕೆ ಗೊತ್ತಾಗುವುದು ಹೇಗೆ ಅಂತ ನೋಡುತ್ತಾ ಕೂತೆ. ಟೇಪು ಸುತ್ತಿಕೊಳ್ಳುವ ರೀಲಿನ ಜೊತೆ ಒಂದು ಹಗುರ ಪ್ಲಾಸ್ಟಿಕ್ ತೋಳು ಉಜ್ಜಿಕೊಂಡು ನಿಂತಿರುತ್ತದೆ. ರೀಲು ತಿರುಗುವಷ್ಟು ಹೊತ್ತೂ ಅದು ತೋಳನ್ನು ಒಂದು ಬದಿಗೆ ಒತ್ತಿ ಹಿಡಿದಿರುತ್ತದೆ. ಟೇಪು ಮುಗಿದಾಗ ರೀಲು ನಿಲ್ಲುತ್ತದೆ, ತೋಳು ನಡುವಿಗೆ ಬರುತ್ತದೆ. ಫ್ಲೈವೀಲಿಗೆ ಸೇರಿದ ಗೇರಿನ ಮೇಲೆ ಒಂದು ಉಬ್ಬು ಇದೆ. ಅದು ಸುತ್ತಿ ಬರುವಾಗ ನಡುವಿನಲ್ಲಿರುವ ತೋಳನ್ನು ತಳ್ಳುತ್ತದೆ. ಆ ತಳ್ಳುವಿಕೆಗೆ ದಿಕ್ಕು ಬದಲಿಸುವ ತಗಡು ಸರಿಯುತ್ತದೆ. ಟೇಪನ್ನು ಒತ್ತಿ ಹಿಡಿದು ಓಡಿಸುವ ರಬ್ಬರ್ ಉರುಳೆಗಳಲ್ಲಿ (ಪಿಂಚ್ ರೋಲರ್) ಒಂದು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ಇದರಲ್ಲಿ ಸೆನ್ಸರೂ ಇಲ್ಲ, ಚಿಪ್ಪೂ ಇಲ್ಲ. ಒಂದು ತೋಳು, ಒಂದು ಉಬ್ಬು. ಎಷ್ಟು ಚಂದದ ಯೋಚನೆ!

ಅಂದರೆ ಈ ರಿವರ್ಸ್ ಯಂತ್ರ ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ. ಎ ಸೈಡಿನ ರೀಲು ನಿಜವಾಗಿ ನಿಲ್ಲುತ್ತಿದೆ. ಯಾಕೆ ನಿಲ್ಲುತ್ತಿದೆ ಅನ್ನುವುದನ್ನು ಹುಡುಕಬೇಕು.

ಜುಲೈ 17

ರೀಲಿನ ಶಕ್ತಿ ಅಳೆಯಲು ಟಾರ್ಕ್ ಕ್ಯಾಸೆಟ್ ಅಂತ ಒಂದು ಸಿಗುತ್ತದೆ. ನನ್ನ ಹತ್ತಿರ ಇಲ್ಲ. ಒಡೆದ ಕ್ಯಾಸೆಟ್ಟಿನ ಒಂದು ಚಕ್ರ ತೆಗೆದು ಅದಕ್ಕೆ ದಾರ ಕಟ್ಟಿ, ಬಲಗಡೆಯ ರೀಲಿಗೆ, ಅಂದರೆ ಎ ಸೈಡಿನದ್ದಕ್ಕೆ ಸಿಕ್ಕಿಸಿದೆ. ದಾರದ ಇನ್ನೊಂದು ತುದಿಯನ್ನು ಮೇಜಿನ ಅಂಚಿನಿಂದ ಇಳಿಬಿಟ್ಟು ಪ್ಲಾಸ್ಟಿಕ್ ಚೀಲ ಕಟ್ಟಿದೆ. ಚೀಲಕ್ಕೆ ಐದು ರೂಪಾಯಿಯ ನಾಣ್ಯ. ಬಾಗಿಲು ತೆರೆದೇ ಪ್ಲೇ ಒತ್ತಿದರೆ ರೀಲು ದಾರ ಸುತ್ತಿಕೊಂಡು ಚೀಲ ಎತ್ತಬೇಕು.

ಬಲಗಡೆ ಒಂದು ನಾಣ್ಯ ಎತ್ತಿತು. ಎರಡಕ್ಕೆ ನಿಂತಿತು, ಖಟಕ್. ಎಡಗಡೆಗೆ ಹಾಕಿದೆ. ಮೂರು, ನಾಲ್ಕು, ಐದು, ಆರು, ಎಲ್ಲ ಎತ್ತಿತು. ಏಳಕ್ಕೆ ನಿಂತಿತು. ಮೇಜಿನ ಅಂಚಿಗೆ ದಾರ ಉಜ್ಜುವುದರಿಂದ ಇದು ಪಕ್ಕಾ ಅಳತೆ ಅಲ್ಲ. ಆದರೆ ಎರಡೂ ಕಡೆ ಉಜ್ಜುವುದು ಒಂದೇ ಥರ. ಆರಕ್ಕೆ ಒಂದು! ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಬೇಕು?

ಜುಲೈ 20

ನಿನ್ನೆಯಿಂದ ಕರೆಂಟ್ ಇಲ್ಲ, ಮಳೆ ಬಿಟ್ಟಿಲ್ಲ. ಹಗಲು ಕಿಟಕಿ ಪಕ್ಕ ಕೂತು ಬಲ ರೀಲನ್ನು ಬಿಚ್ಚಿದೆ. ಮೇಲಿನ ಸೀಳು ವಾಷರ್ ತೆಗೆದರೆ ರೀಲು, ಸ್ಪ್ರಿಂಗು, ಫೆಲ್ಟಿನ (ಒತ್ತಿ ಮಾಡಿದ ಉಣ್ಣೆ ಬಟ್ಟೆಯ) ಬಳೆ, ಗೇರು, ಹೀಗೆ ಒಂದರ ಮೇಲೊಂದು. ಗೇರು ಒಂದೇ ವೇಗದಲ್ಲಿ ಸುತ್ತುತ್ತದೆ. ಫೆಲ್ಟು ಅದರ ಮೇಲೆ ಜಾರುತ್ತಾ ರೀಲನ್ನು ಎಳೆದುಕೊಂಡು ಹೋಗುತ್ತದೆ. ಈ ಜಾರುವಿಕೆ ಬೇಕು. ಖಾಲಿ ಚಕ್ರದ ಅಡ್ಡಳತೆ ಸುಮಾರು 22 ಮಿಲಿಮೀಟರ್, ಟೇಪು ತುಂಬಿದಾಗ 50ರ ಹತ್ತಿರ. ಟೇಪು ಓಡುವ ವೇಗ ಮಾತ್ರ ಬದಲಾಗುವಂತಿಲ್ಲ. ಹಾಗಾಗಿ ರೀಲು ತುಂಬುತ್ತಾ ಹೋದ ಹಾಗೆ ನಿಧಾನವಾಗಲೇಬೇಕು.

ಇಲ್ಲಿ ಫೆಲ್ಟು ಜಾರುತ್ತಿದ್ದದ್ದು ಬೇರೆ ಕಾರಣಕ್ಕೆ. ಮುಟ್ಟಿದರೆ ಬೆರಳಿಗೆ ಎಣ್ಣೆ. ಎಡಗಡೆಯದ್ದು ಒಣಗಿದ ಕಂಬಳಿಯ ಹಾಗಿದೆ, ಇದು ದೀಪದ ಬತ್ತಿಯ ಹಾಗೆ ನೆನೆದಿದೆ.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ನೀವು ಇದಕ್ಕೆ ಎಣ್ಣೆ ಬಿಟ್ಟಿದ್ರಾ?"

"ಹೌದು ಮಾರಾಯ. ಒಂದು ಬದಿ ಕಿರಕಿರ ಅಂತಿತ್ತು. ನಿನ್ನ ಅಮ್ಮನ ಹೊಲಿಗೆ ಮೆಷೀನಿನ ಎಣ್ಣೆ ಎರಡು ಹನಿ ಬಿಟ್ಟೆ. ಎಂತ, ಬಿಡ್ಬಾರ್ದಿತ್ತಾ?"

ಅವರು ಕೇಳಿಸಿಕೊಂಡದ್ದು ಸರಿ. ಆ ರೀಲು ತಿರುಗುವ ಕಡ್ಡಿ ಒಣಗಿತ್ತು, ಅದಕ್ಕೆ ಜಿಡ್ಡು ಬೇಕಿತ್ತು. ಆದರೆ ತೆಳು ಎಣ್ಣೆ ಕಡ್ಡಿಯ ಮೇಲೆ ನಿಲ್ಲಲಿಲ್ಲ. ಕೆಳಗಿಳಿದು ಫೆಲ್ಟು ಕುಡಿಯಿತು. ಕಿರಕಿರ ನಿಂತಿತು, ಹಾರುವುದು ಶುರುವಾಯಿತು. ಈ ಎರಡರ ನಡುವೆ ಸಂಬಂಧ ಇದೆ ಅಂತ ಆಗ ಯಾರಿಗೆ ತಾನೇ ಹೊಳೆಯಬೇಕು?

ಫೆಲ್ಟಿನ ಬಳೆಯನ್ನು ಆಲ್ಕೋಹಾಲಿನಲ್ಲಿ ಅದ್ದಿ, ಟಿಶ್ಯೂ ನಡುವೆ ಒತ್ತಿ ತೆಗೆದೆ. ಹೀಗೆ ಮೂರು ಸಲ. ಮೂರನೇ ಸಲ ಟಿಶ್ಯೂ ಮೇಲೆ ಜಿಡ್ಡಿನ ಕಲೆ ಉಳಿಯಲಿಲ್ಲ. ಒಣಗಿದ ಮೇಲೆ ಹಳೇ ಟೂತ್‌ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ನೂಲು ಎಬ್ಬಿಸಿದೆ. ಗೇರಿನ ಮುಖವನ್ನೂ ಒರೆಸಿದೆ. ಕಡ್ಡಿಗೆ ಸೂಜಿಯ ತುದಿಯಲ್ಲಿ ಹಿಡಿದಷ್ಟೇ ಗ್ರೀಸು. ಸ್ಪ್ರಿಂಗನ್ನು ಸ್ವಲ್ಪ ಎಳೆದು ಬಿಗಿ ಮಾಡುವ ಆಸೆ ಆಯಿತು, ಮಾಡಲಿಲ್ಲ. ರೀಲು ಜಾಸ್ತಿ ಎಳೆದರೆ ಟೇಪಿಗೇ ಪೆಟ್ಟು. ಒಂದು ಗಂಟೆಯ ಸಿ-60 ಕ್ಯಾಸೆಟ್ಟಿಗಿಂತ ಒಂದೂವರೆ ಗಂಟೆಯ ಸಿ-90ರ ಟೇಪು ತೆಳು. ಸಿ-120 ಅಂತೂ ಬರೀ 9 ಮೈಕ್ರಾನ್, ಹಿಗ್ಗಿದರೆ ಮತ್ತೆ ಸರಿಹೋಗುವುದಿಲ್ಲ.

ಮತ್ತೆ ನಾಣ್ಯದ ಪರೀಕ್ಷೆ. ಐದು ಎತ್ತಿತು.

ಜುಲೈ 21

ಎಲ್ಲ ಜೋಡಿಸಿದೆ. ಎ ಸೈಡು ಅರ್ಧ ಗಂಟೆ ಓಡಿತು. ಕೊನೆಗೆ ತಾನೇ ಖಟಕ್ ಅಂದು ತಿರುಗಿತು. ಆದರೆ ಬಿ ಸೈಡಿನಲ್ಲಿ ಕೇಳಿಸಿದ್ದು ಯಾವ ಭಾಷೆಯೂ ಅಲ್ಲ. ಚಂಡೆಯ ನಾದ ಎಲ್ಲಿಂದಲೋ ಹುಟ್ಟಿ, ಉಬ್ಬುತ್ತಾ ಬಂದು, ಪೆಟ್ಟಿನಲ್ಲಿ ತಟ್ಟನೆ ನಿಲ್ಲುತ್ತಿತ್ತು. ಎ ಸೈಡೇ ಉಲ್ಟಾ ಹಾಡುತ್ತಿತ್ತು!

3.81 ಮಿಲಿಮೀಟರ್ ಅಗಲದ ಟೇಪಿನಲ್ಲಿ ನಾಲ್ಕು ಹಾದಿ ಇವೆ. ಎ ಸೈಡಿಗೆ ಎರಡು, ಬಿ ಸೈಡಿಗೆ ಎರಡು. ಬಿ ಹಾದಿಗಳ ರೆಕಾರ್ಡಿಂಗ್ ಎದುರು ದಿಕ್ಕಿನಲ್ಲಿ. ಟೇಪಿನ ದನಿ ಓದುವ ಇದರ ಹೆಡ್ ನಾಲ್ಕೂ ಹಾದಿಯ ಮೇಲೆ ಕೂತಿದೆ, ಅಲುಗುವುದಿಲ್ಲ. ಯಾವ ಎರಡನ್ನು ಕೇಳಿಸಬೇಕು ಅನ್ನುವುದನ್ನು ಬೋರ್ಡಿನ ಮೇಲಿನ ಒಂದು ಪುಟ್ಟ ಜಾರು ಸ್ವಿಚ್ಚು ತೀರ್ಮಾನ ಮಾಡುತ್ತದೆ. ದಿಕ್ಕು ಬದಲಿಸುವ ತಗಡಿನ ತುದಿಯಲ್ಲಿ ಕವಲು ಇದೆ, ಸ್ವಿಚ್ಚಿನ ಗುಬ್ಬಿ ಅದರ ಒಳಗೆ ಕೂರಬೇಕು. ಬೋರ್ಡು ಇಡುವಾಗ ಗುಬ್ಬಿ ಕವಲಿನ ಹೊರಗೆ ಉಳಿದಿತ್ತು. ದಿಕ್ಕು ಬದಲಾಯಿತು, ಹಾದಿ ಬದಲಾಗಲಿಲ್ಲ.

ಬೋರ್ಡು ಮತ್ತೆ ಎತ್ತಿದೆ. ಈ ಕೆಲಸ ಮಾಡುವವರು ಹೆಡ್ಡಿನಿಂದ ಬರುವ ಕೂದಲೆಳೆಯ ತಂತಿಗಳನ್ನು ನೋಡಿಕೊಂಡೇ ಎತ್ತಿ. ಸ್ವಿಚ್ಚನ್ನೂ ತಗಡನ್ನೂ ಎ ಕಡೆಗೇ ತಂದಿಟ್ಟು ಬೋರ್ಡು ಕೂರಿಸಿದರೆ ಗುಬ್ಬಿ ತಾನಾಗಿ ಕವಲಿಗೆ ಇಳಿಯುತ್ತದೆ. ಹತ್ತು ನಿಮಿಷದ ಕೆಲಸ.

ಜುಲೈ 27

ವೇಗ ನೋಡಿದೆ. ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ತಂದಾಗಿನಿಂದ ಟೇಪಿನ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಒಂದು ಭಜನೆ ನನ್ನ ಮೊಬೈಲಿನಲ್ಲೂ ಇದೆ, ಅದೇ ರೆಕಾರ್ಡಿಂಗ್ ಕ್ಯಾಸೆಟ್ಟಿನಲ್ಲೂ ಇದೆ. ಮೊಬೈಲಿನಲ್ಲಿ 6 ನಿಮಿಷ 12 ಸೆಕೆಂಡು. ಇದರಲ್ಲಿ 5 ನಿಮಿಷ 58 ಸೆಕೆಂಡಿಗೇ ಮುಗಿಯಿತು. ಸುಮಾರು ನೂರಕ್ಕೆ ನಾಲ್ಕರಷ್ಟು ಜಾಸ್ತಿ ವೇಗ. ಶ್ರುತಿ ಹಾರ್ಮೋನಿಯಂನ ಪಕ್ಕದ ಸ್ವರದ ಮನೆಗೆ ಹತ್ತಿರ ಹತ್ತಿರ ಹೋಗುವಷ್ಟು ಏರಿತ್ತು.

ಮೋಟಾರಿನ ಹಿಂದಿನ ತೂತಿನಲ್ಲಿ ವೇಗದ ಸ್ಕ್ರೂ ಇದೆ. ಕೂದಲಿನಷ್ಟು ತಿರುಗಿಸಿ, ಮತ್ತೆ ಆರು ನಿಮಿಷ ಕೇಳಿ, ಮತ್ತೆ ತಿರುಗಿಸಿ, ಹೀಗೆ ಮಧ್ಯಾಹ್ನ ಕಳೆಯಿತು. ಎ ಸೈಡು ಸರಿಯಾದರೆ ಬಿ ಸೈಡು ನಾಲ್ಕು ಸೆಕೆಂಡು ಬೇಗ ಮುಗಿಯುತ್ತದೆ. ಎರಡಕ್ಕೂ ಹಂಚಿದೆ: ಒಂದು 6 ನಿಮಿಷ 14 ಸೆಕೆಂಡು, ಒಂದು 6 ನಿಮಿಷ 10 ಸೆಕೆಂಡು. ಇಷ್ಟು ವ್ಯತ್ಯಾಸ ನನ್ನ ಕಿವಿಗೆ ಗೊತ್ತಾಗುವುದಿಲ್ಲ.

ಚಿಕ್ಕಪ್ಪನ ಪೆಟ್ಟಿಗೆಯಲ್ಲಿ ಹನ್ನೊಂದು ಕ್ಯಾಸೆಟ್ ಇವೆ. ಮೂರಕ್ಕೆ ಬೂಷ್ಟು ಹಿಡಿದಿದೆ, ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಪುಡಿ ಕಾಣುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆ ನಮ್ಮೂರಿಗೆ ದೂರ ಇಲ್ಲ. ಬೂಷ್ಟು ಬರದಿದ್ದರೇ ಆಶ್ಚರ್ಯ. ಇವನ್ನು ಈ ಪ್ಲೇಯರಿಗೆ ಹಾಕಲೇಬಾರದು. ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಇನ್ನೊಂದು ಅಪಾಯ, ಟೇಪಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ರೀಲು ಅಲ್ಲೇ ನಿಲ್ಲುತ್ತದೆ, ಮತ್ತೆ ಖಟಕ್. ಆಗ ಪ್ಲೇಯರಿನದ್ದೇ ತಪ್ಪು ಅಂತ ಬಿಚ್ಚಿ ಕೂತರೆ ಸುಮ್ನೆ ಶ್ರಮ. ಮೂರನ್ನೂ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಟ್ಟಿದ್ದೇನೆ. ಎರಡಕ್ಕೆ ಸ್ಕ್ರೂ ಇದೆ, ಬಿಚ್ಚಿ ಬೇರೆ ಚಿಪ್ಪಿಗೆ ಹಾಕಬಹುದು. ಮೂರನೆಯದು ಅಂಟು ಹಾಕಿ ಮುಚ್ಚಿದ್ದು, ಅದನ್ನು ಒಡೆದೇ ತೆಗೆಯಬೇಕು. ಮಳೆಗಾಲ ಮುಗಿದು ಬಿಸಿಲು ಬಂದ ಮೇಲೆ ಅದರ ಕೆಲಸ.

ಆಗಸ್ಟ್ 3

ಬಸ್ಸಿನಲ್ಲಿ ತೀರ್ಥಹಳ್ಳಿಗೆ ಒಯ್ದೆ. ಜಗಲಿಯಲ್ಲಿ ಸ್ಪೀಕರ್ ಇಟ್ಟು ಸಿ-90 ಹಾಕಿದೆವು. ಹೊರಗೆ ಆಶ್ಲೇಷಾ ಮಳೆ. ಚಿಕ್ಕಪ್ಪ ಕಣ್ಣು ಮುಚ್ಚಿ ಕೂತಿದ್ದರು, ನಾನು ಗಡಿಯಾರ ನೋಡುತ್ತಿದ್ದೆ. ನಾಲ್ಕು ಸೆಕೆಂಡು ದಾಟಿತು. ನಾಲ್ಕು ನಿಮಿಷ ದಾಟಿತು. ನಲವತ್ತೈದು ನಿಮಿಷಕ್ಕೆ ಅರ್ಥಧಾರಿಯ ಮಾತು ಅರ್ಧಕ್ಕೆ ನಿಂತು, ಬರೀ ಟೇಪಿನ ಸದ್ದು ಉಳಿದು, ಖಟಕ್. ಮತ್ತೆ ಅದೇ ಮಾತಿನ ಉಳಿದರ್ಧ.

"ಆವಾಗ್ಲೂ ಇಲ್ಲೇ ತಿರುಗ್ತಿತ್ತು" ಅಂದರು ಚಿಕ್ಕಪ್ಪ, ಕಣ್ಣು ಬಿಡದೆ.

ಹೆಡ್‌ಫೋನಿನ ಸ್ಪಂಜು ಪುಡಿಯಾಗಿದೆ. ಅಳತೆ ತೆಗೆದುಕೊಂಡು ಬಂದಿದ್ದೇನೆ, 5 ಸೆಂಟಿಮೀಟರ್.